ಗಾಲಿಯ ಹದ: ಕೊಯಮತ್ತೂರು ಸೀಮೆಯ ಓಟದ ಬಂಡಿಗಳ ಕಥೆ

ಚಾಮರಾಜನಗರದ ಕಡೆಯಿಂದ ಕೊಯಮತ್ತೂರಿಗೆ ಹೊರಟ ಲಾರಿ ಹಾಸನೂರು ದಾಟಿದ ಮೇಲೆ ದಿಂಬಂ ಘಟ್ಟ ಇಳಿಯಬೇಕು. ಅಲ್ಲಿ 27 ಕಡಿದಾದ ತಿರುವುಗಳಿವೆ. ಎಷ್ಟು ದೊಡ್ಡ ಎಂಜಿನ್ ಇದ್ದರೂ ಆ ಇಳಿಜಾರಿನಲ್ಲಿ ಅದರ ಆಟ ನಡೆಯೋದಿಲ್ಲ. ಘಟ್ಟದ ಮೇಲೆ ಗಾಡಿ ನಿಲ್ಲಿಸಿ ಟೀ ಕುಡಿಯುವ ಡ್ರೈವರುಗಳನ್ನು ಮಾತಾಡಿಸಿ ನೋಡಿ. ಬ್ರೇಕು ಹಿಡಿಯುತ್ತಾ, ಟೈರಿನಲ್ಲಿ ಜೀವ ಇದೆಯಾ, ಹೊರೆ ನಡುವೆ ಕೂತಿದೆಯಾ, ಈ ಮೂರನ್ನು ಬಿಟ್ಟು ಅವರು ಬೇರೆ ಏನನ್ನೂ ಕೇಳೋದಿಲ್ಲ. ಗಾಡಿ ಎಷ್ಟು ಜೋರಾಗಿ ಓಡುತ್ತದೆ ಅನ್ನೋದಕ್ಕಿಂತ ತಿರುವಿನಲ್ಲಿ ನೆಲವನ್ನು ಎಷ್ಟು ಹಿಡಿಯುತ್ತದೆ ಅನ್ನೋದೇ ಅವರ ಲೆಕ್ಕ.

ಈ ಲೆಕ್ಕಕ್ಕೆ ಒಂದು ಇತಿಹಾಸ ಇದೆ. ಘಟ್ಟ ಇಳಿದರೆ ಸಿಗುವ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಅದು ಬಹಳ ಚೆನ್ನಾಗಿ ಕಾಣುತ್ತದೆ. ಕೊಯಮತ್ತೂರು ಅಂದರೆ ನಮಗೆ ಹತ್ತಿ ಗಿರಣಿ, ನೀರೆತ್ತುವ ಪಂಪು, ಹಿಟ್ಟು ರುಬ್ಬುವ ಗ್ರೈಂಡರು ನೆನಪಾಗುತ್ತವೆ. ತಿರುಪ್ಪೂರು ಅಂದರೆ ಬನಿಯನ್ನು. ಆದರೆ ಇದೇ ಸೀಮೆ ಓಟದ ಪಂದ್ಯಗಳ ಸೀಮೆಯೂ ಹೌದು. ಮೊದಲು ಎತ್ತಿನ ಬಂಡಿ ಓಡಿತು. ಆಮೇಲೆ ಮೋಟಾರು ಕಾರು ಓಡಿತು. ಈಗ ಕೈಯಲ್ಲಿ ರಿಮೋಟ್ ಹಿಡಿದು ಹುಲ್ಲಿನ ಮೇಲೆ ಓಡಿಸುವ ಒಂದು ಮೊಳದ ಪುಟ್ಟ ಬಗ್ಗಿಯೂ ಬಂದಿದೆ. ಈ ಮೂರಕ್ಕೂ ಬೇಕಾದ ವಿದ್ಯೆ ಒಂದೇ. ಬಂಡಿಯನ್ನು ನೆಲಕ್ಕೆ ತಕ್ಕ ಹಾಗೆ ಸರಿ ಮಾಡಿಕೊಳ್ಳುವ ವಿದ್ಯೆ ಅದು. ಮೆಕ್ಯಾನಿಕ್ಕುಗಳು ಅದಕ್ಕೆ ಟ್ಯೂನಿಂಗ್ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಅದಕ್ಕಿಂತ ಒಳ್ಳೆಯ ಮಾತು ಇದೆ: ಹದ. ಹೊಲಕ್ಕೆ ಹದ, ಪಾಕಕ್ಕೆ ಹದ, ಹಾಗೇ ಗಾಲಿಗೂ ಒಂದು ಹದ.

ಇದು ಪರದೇಶದ ಕಥೆಯೇನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬೀಳುವ ತನಕ ಕೊಯಮತ್ತೂರು ಸೀಮೆ ಮೈಸೂರಿನ ಕೈಯಲ್ಲಿತ್ತು. ಮನೆಯಲ್ಲಿ ಕನ್ನಡ ಆಡುವ ದೇವಾಂಗರು, ಒಕ್ಕಲಿಗರು ಇವತ್ತಿಗೂ ಅಲ್ಲಿ ಇದ್ದಾರೆ. ಬಂಡಿಯ ಮಾತುಗಳನ್ನೇ ನೋಡಿ. ನಾವು ಬಂಡಿ ಅಂದರೆ ಅವರು ವಂಡಿ ಅಂತಾರೆ. ನಮ್ಮ ನೊಗ ಅವರಿಗೆ ನುಗಂ. ಅಚ್ಚು ಎರಡೂ ಕಡೆ ಅಚ್ಚೇ.

ಎತ್ತು, ಹುಲ್ಲು, ರೇಕ್ಲಾ

ತಿರುಪ್ಪೂರು ಜಿಲ್ಲೆ 2009ರಲ್ಲಿ ಹುಟ್ಟಿತು. ಅದರಲ್ಲಿರುವ ಕಾಂಗೇಯಂ ಮಾತ್ರ ಹಳೆಯ ಹೆಸರು. ಅಲ್ಲಿನ ಎತ್ತಿನ ತಳಿಗೂ ಅದೇ ಹೆಸರು. ನಮ್ಮ ಹಳ್ಳಿಕಾರ್, ಅಮೃತಮಹಲ್, ಬರಗೂರು ತಳಿಗಳ ಜೊತೆಗೆ ಕಾಂಗೇಯಂ ತಳಿಯನ್ನೂ ಪಶುಶಾಸ್ತ್ರದವರು ಮೈಸೂರು ಬಗೆಯ ದನಗಳ ಗುಂಪಿಗೇ ಸೇರಿಸುತ್ತಾರೆ. ಗಟ್ಟಿ ಗೊರಸು, ಬಿಗಿ ಮೈ, ಬಿಸಿಲು ತಾಳುವ ಗುಣ ಇವುಗಳ ಲಕ್ಷಣ. ಪಳೆಯಕೋಟೈನ ಪಟ್ಟಗಾರರ ಮನೆತನ ಈ ತಳಿಯನ್ನು ಕಾಪಾಡಿ ಬೆಳೆಸಿದ್ದಕ್ಕೆ ಹೆಸರಾಗಿದೆ.

ಈ ದನ ಬೆಳೆದದ್ದು ಹುಲ್ಲಿನ ಮೇಲೆ. ಮಳೆ ಕಡಿಮೆ ಇರುವ ಆ ಕಡೆ ರೈತರು ಮುಳ್ಳುಗಿಡದ ಜೀವಂತ ಬೇಲಿ ಕಟ್ಟಿ, ನಡುನಡುವೆ ಬಿಳಿಜಾಲಿ ಮರ ಬಿಟ್ಟು, ಹುಲ್ಲುಗಾವಲು ಉಳಿಸಿಕೊಂಡಿದ್ದಾರೆ. ಅದಕ್ಕೆ ಅವರು ಕೊರಂಗಾಡು ಅನ್ನುತ್ತಾರೆ. ಒಂದು ತುಂಡು ಮೇಯಿಸಿ, ಅದನ್ನು ಬಿಟ್ಟು, ಇನ್ನೊಂದು ತುಂಡಿಗೆ ಹೋಗುವುದು ರೂಢಿ. ಬೇರು ಹಿಡಿದ ಹುಲ್ಲಿನ ನೆಲ, ಉತ್ತ ಕರಿ ಎರೆ ನೆಲ, ಗೊರಚಲು ಕೆಂಪು ನೆಲ, ಇವು ಮೂರರಲ್ಲೂ ಬಂಡಿ ಒಂದೇ ರೀತಿ ಉರುಳುವುದಿಲ್ಲ. ಆ ಸೀಮೆಯ ಬಡಗಿಗೂ ಕಮ್ಮಾರನಿಗೂ ಇದು ಮೊದಲ ಪಾಠ.

ಕೊಯಮತ್ತೂರು, ಪೊಳ್ಳಾಚಿ, ಉಡುಮಲೈ, ತಿರುಪ್ಪೂರು ಕಡೆ ಎತ್ತಿನ ಬಂಡಿಯ ಓಟಕ್ಕೆ ರೇಕ್ಲಾ ಅಂತ ಹೆಸರು. ಎರಡು ಗಾಲಿಯ ಹಗುರವಾದ ಬಂಡಿ, ಜೋಡಿ ಎತ್ತು, ಒಬ್ಬ ಸವಾರ. 200 ಮೀಟರ್, 300 ಮೀಟರ್ ಎಂದು ಓಟದ ದೂರ. ಎತ್ತು ಚೆನ್ನಾಗಿದ್ದರೆ ಸಾಕಲ್ಲವೇ ಅಂತ ನೋಡುವವರಿಗೆ ಅನ್ನಿಸಬಹುದು. ಬಂಡಿ ಹೊಡೆದವರಿಗೆ ಗೊತ್ತು, ಸಾಲದು. ಮುಂಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲ ಮೇಲೆ ಕೂರುತ್ತದೆ. ಹಿಂಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಕೊರಳಿನ ಜೊತ್ತಿಗೆ ಬಿಗಿಯುತ್ತದೆ. ಎರಡರಲ್ಲೂ ಎತ್ತು ತನ್ನ ಶಕ್ತಿಯನ್ನು ಓಡುವುದಕ್ಕಲ್ಲ, ಬಂಡಿಯ ಜೊತೆ ಜಗಳಕ್ಕೆ ಖರ್ಚು ಮಾಡಬೇಕಾಗುತ್ತದೆ. ಅಚ್ಚಿಗೂ ಗುಂಬಕ್ಕೂ ನಡುವೆ ಸಡಿಲ ಹೆಚ್ಚಿದ್ದರೆ ಗಾಲಿ ಅಡ್ಡಾಡುತ್ತದೆ, ತೀರ ಕಡಿಮೆ ಇದ್ದರೆ ಕಾದು ಹಿಡಿದುಕೊಳ್ಳುತ್ತದೆ. ಕೀಲೆಣ್ಣೆ ಎಷ್ಟು, ಹಳಿ ಎಷ್ಟು ಅಗಲ, ಸವಾರ ನಿಲ್ಲುವುದು ಅಚ್ಚಿನ ಮುಂದೋ ಹಿಂದೋ, ಎಲ್ಲಕ್ಕೂ ಲೆಕ್ಕ ಇದೆ. ಈ ಲೆಕ್ಕವನ್ನು ಯಾರೂ ಪುಸ್ತಕದಲ್ಲಿ ಬರೆದಿಡಲಿಲ್ಲ. ಅದು ಕೈಯಿಂದ ಕೈಗೆ ಬಂತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಓಟದಲ್ಲಿ ಎತ್ತಿಗೆ ಹಿಂಸೆ ಆಗುತ್ತದೆ ಎಂಬ ದೂರು ಕೋರ್ಟಿಗೆ ಹೋಯಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಬಂಡಿ ಓಟಗಳನ್ನು ನಿಲ್ಲಿಸಿತು. ನಮ್ಮ ಕರಾವಳಿಯ ಕಂಬಳಕ್ಕೂ ಅದರ ಬಿಸಿ ತಟ್ಟಿತು. 2017ರಲ್ಲಿ ತಮಿಳುನಾಡೂ ಕರ್ನಾಟಕವೂ ಕಾನೂನಿಗೆ ತಿದ್ದುಪಡಿ ತಂದವು. 2023ರ ಮೇ 18ರಂದು ಐದು ನ್ಯಾಯಾಧೀಶರ ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಒಪ್ಪಿತು. ಕಟ್ಟುಪಾಡುಗಳ ನಡುವೆ ಓಟ ಮತ್ತೆ ನಡೆಯುತ್ತಿದೆ. ಹದ ತಪ್ಪಿದ ಬಂಡಿಯ ನೋವನ್ನು ಎತ್ತೇ ತಿನ್ನಬೇಕು. ಹಾಗಾಗಿ ಗಾಲಿಯ ಹದ ಗೆಲುವಿನ ಮಾತು ಮಾತ್ರವಲ್ಲ, ದಯೆಯ ಮಾತೂ ಹೌದು.

ಮಿಲ್ಲು, ಬಸ್ಸು, ಲೇತು

ಬಂಡಿಯ ಬಡಗಿಯ ಪಕ್ಕದಲ್ಲೇ ಹೊಸ ಕಸುಬೊಂದು ಬಂದು ಕೂತಿತು. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಕೊಯಮತ್ತೂರಿನಲ್ಲಿ ನೂಲಿನ ಗಿರಣಿ ಶುರು ಮಾಡಿದರು. 1932ರಲ್ಲಿ ನೀಲಗಿರಿಯ ಪೈಕಾರದಿಂದ ಜಲವಿದ್ಯುತ್ತು ಇಳಿದು ಬಂತು. ಅದಾದ ಮೇಲೆ ಗಿರಣಿಗಳು ಸಾಲುಸಾಲಾಗಿ ಎದ್ದವು. ಗಿರಣಿ ಇದ್ದ ಕಡೆ ಕೆಟ್ಟ ಯಂತ್ರ ಇರುತ್ತದೆ, ಕೆಟ್ಟ ಯಂತ್ರ ಇದ್ದ ಕಡೆ ರಿಪೇರಿಯವನು ಬೇಕು. ಎರಕದ ಮನೆ, ಲೇತು, ವೆಲ್ಡಿಂಗ್ ಶಾಪು ಬೀದಿಬೀದಿಗೆ ಬಂದವು. ಬಾವಿಯ ನೀರೆತ್ತುವ ಪಂಪುಗಳನ್ನು ಅಲ್ಲೇ ಮಾಡತೊಡಗಿದರು.

ಈ ಕಾಲದ ದೊಡ್ಡ ಹೆಸರು ಜಿ.ಡಿ. ನಾಯ್ಡು. 1893ರಲ್ಲಿ ಕೊಯಮತ್ತೂರಿನ ಹತ್ತಿರದ ಕಲಂಗಲ್ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಒಬ್ಬ ಬಿಳಿಯ ಅಧಿಕಾರಿಯ ಮೋಟಾರ್ ಸೈಕಲ್ ನೋಡಿ ಮರುಳಾದರಂತೆ. ಹೋಟೆಲಿನಲ್ಲಿ ಮಾಣಿಯಾಗಿ ದುಡಿದು, ದುಡ್ಡು ಕೂಡಿಸಿ ಆ ಗಾಡಿಯನ್ನೇ ಕೊಂಡರಂತೆ. ಕೊಂಡವರು ಸವಾರಿ ಹೊರಡುವ ಬದಲು ಅದನ್ನು ಬಿಚ್ಚಿ ಮತ್ತೆ ಜೋಡಿಸಿ ಕಲಿತರು ಎಂದು ಅವರ ಕಥೆ ಹೇಳುವವರು ಹೇಳುತ್ತಾರೆ. 1920ರಲ್ಲಿ ಒಂದು ಬಸ್ಸು ತಂದು ಪೊಳ್ಳಾಚಿ ಮತ್ತು ಪಳನಿ ನಡುವೆ ತಾವೇ ಓಡಿಸಿದರು. ಆ ಒಂದು ಬಸ್ಸು ಯುನಿವರ್ಸಲ್ ಮೋಟಾರ್ ಸರ್ವಿಸ್ ಎಂಬ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. 1937ರಲ್ಲಿ ಅವರೂ ಡಿ. ಬಾಲಸುಂದರಂ ಅವರೂ ಸೇರಿ ವಿದ್ಯುತ್ ಮೋಟಾರು ಮಾಡಿದರು. ದೇಶದಲ್ಲೇ ತಯಾರಾದ ಮೊದಲ ಮೋಟಾರುಗಳಲ್ಲಿ ಅದನ್ನು ಎಣಿಸುತ್ತಾರೆ. ಎಂಜಿನಿಯರಿಂಗ್ ಕಲಿಯಲು ಹುಡುಗರನ್ನು ನಾಲ್ಕು ವರ್ಷ ಬೆಂಚಿನ ಮೇಲೆ ಕೂರಿಸಬೇಕಿಲ್ಲ, ಕೈಗೆ ಕೆಲಸ ಕೊಡಿ ಅನ್ನೋದು ನಾಯ್ಡು ಅವರ ವಾದವಾಗಿತ್ತು. ಅವರು 1974ರಲ್ಲಿ ತೀರಿಕೊಂಡರು. ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಅವರ ಕುಟುಂಬದವರ ಕಾರು ಮ್ಯೂಸಿಯಂ ಇದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಲು ತಕ್ಕ ಜಾಗ.

ಬಸ್ಸು ಬಂದಾಗ ಬಂಡಿಗೆ ಇಲ್ಲದ ಒಂದು ತೊಡಕೂ ಬಂತು. ಎತ್ತಿನ ಬಂಡಿಯ ಎರಡು ಗಾಲಿಗಳು ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಹೋದರೂ ತೊಂದರೆ ಇಲ್ಲ. ಮೋಟಾರಿನಲ್ಲಿ ಎಂಜಿನ್ನೇ ಎರಡು ಗಾಲಿಗಳನ್ನೂ ತಿರುಗಿಸಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ತಿರುವಿನಲ್ಲಿ ಒಂದು ಗಾಲಿ ಜಾರಲೇಬೇಕು. ಇದಕ್ಕೆ ಪರಿಹಾರವೇ ಡಿಫರೆನ್ಷಿಯಲ್. ಫ್ರಾನ್ಸಿನ ಗಡಿಯಾರದ ಕಸುಬಿನವನಾದ ಪೆಕ್ಕರ್ ಅದನ್ನು 1827ರಲ್ಲೇ ಕಂಡುಕೊಂಡಿದ್ದ. ಮುಂದಿನ ಗಾಲಿಗಳಲ್ಲಿ ಒಳಗಿನದು ಸ್ವಲ್ಪ ಹೆಚ್ಚು ತಿರುಗಬೇಕು ಎಂಬ ಉಪಾಯ ಜರ್ಮನಿಯ ಕುದುರೆ ಸಾರೋಟು ಮಾಡುವ ಲಾಂಕೆನ್‌ಸ್ಪರ್ಗರ್ ಎಂಬಾತನದು. ಇಂಗ್ಲೆಂಡಿನಲ್ಲಿ 1818ರಲ್ಲಿ ಅದರ ಹಕ್ಕುಪತ್ರ ಪಡೆದ ಅಕರ್ಮನ್‌ನ ಹೆಸರು ಮಾತ್ರ ಲೋಕದಲ್ಲಿ ಉಳಿಯಿತು. ಮಾಡಿದವನು ಒಬ್ಬ, ಹೆಸರು ಇನ್ನೊಬ್ಬನದು. ಕಸುಬುದಾರರ ಚರಿತ್ರೆಯಲ್ಲಿ ಇದು ಹೊಸದೇನಲ್ಲ.

ಕರಿವರ್ಧನ್ ಕಾರುಗಳು

ಮದರಾಸಿನ ಉತ್ತರಕ್ಕೆ ಶೋಳವರಂ ಎಂಬಲ್ಲಿ ಎರಡನೇ ಮಹಾಯುದ್ಧ ಕಾಲದ ವಿಮಾನದ ಓಡುದಾರಿ ಇತ್ತು. ಯುದ್ಧ ಮುಗಿದ ಮೇಲೆ ಅಲ್ಲಿ ಕಾರು, ಬೈಕುಗಳ ಪಂದ್ಯ ಶುರುವಾಯಿತು. ದೂರದೂರದಿಂದ ಜನ ಸೇರುತ್ತಿದ್ದರು. ಅಲ್ಲಿಗೆ ಹೋದ ಕೊಯಮತ್ತೂರಿನವರಲ್ಲಿ ಒಬ್ಬರು ಎಸ್. ಕರಿವರ್ಧನ್. 1954ರಲ್ಲಿ ಗಿರಣಿ ಮಾಲೀಕರ ಮನೆತನದಲ್ಲಿ ಹುಟ್ಟಿದವರು. ಜನ ಅವರನ್ನು ಸಲೀಸಾಗಿ ಕರಿ ಎಂದೇ ಕರೆಯುತ್ತಿದ್ದರು.

ಆಗ ಓಟದ ಕಾರು ಬೇಕು ಅಂದರೆ ಹೊರದೇಶದಿಂದ ತರಿಸಬೇಕು, ಇಲ್ಲವೇ ಇಲ್ಲಿನ ಹಳೆಯ ಕಾರನ್ನು ಕೊಯ್ದು ಮಾಡಿಕೊಳ್ಳಬೇಕು. ಮೊದಲನೆಯದು ಶ್ರೀಮಂತರಿಗೆ ಮಾತ್ರ ಆಗುವ ಮಾತು. ಕರಿವರ್ಧನ್ ಮೂರನೇ ದಾರಿ ಹುಡುಕಿದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಕಾರು ಬೀದಿಗೆ ಬಂದಿತ್ತು. ಮೂರು ಸಿಲಿಂಡರಿನ 796 ಸಿ.ಸಿ.ಯ ಪುಟ್ಟ ಎಂಜಿನ್ ಅದರದು. ಹೆಂಗಸರು ಮಾರ್ಕೆಟ್ಟಿಗೆ, ಡಾಕ್ಟರು ಆಸ್ಪತ್ರೆಗೆ ಓಡಿಸುತ್ತಿದ್ದ ಆ ಕಾರಿನ ಎಂಜಿನ್ನನ್ನೇ ಇಟ್ಟುಕೊಂಡು, ಒಬ್ಬರೇ ಕೂರುವ, ಗಾಲಿಗಳು ಹೊರಗೆ ಕಾಣುವ ಓಟದ ಕಾರನ್ನು ಅವರು ಕಟ್ಟಿದರು. ಅದೇ ಫಾರ್ಮುಲಾ ಮಾರುತಿ. 1980ರ ದಶಕದ ಕೊನೆಯಿಂದ ಎಷ್ಟೋ ಹುಡುಗರು ಓಟದ ಅಕ್ಷರಾಭ್ಯಾಸ ಮಾಡಿದ್ದು ಈ ಕಾರಿನಲ್ಲಿ.

ಇದರಲ್ಲಿ ಒಂದು ದೊಡ್ಡ ಸಂಗತಿ ಇದೆ. ಎಲ್ಲರ ಕಾರಿನಲ್ಲೂ ಒಂದೇ ಎಂಜಿನ್ ಇದ್ದಾಗ ದುಡ್ಡಿನಿಂದ ಶಕ್ತಿ ಕೊಳ್ಳುವ ದಾರಿ ಮುಚ್ಚಿಹೋಗುತ್ತದೆ. ಆಮೇಲೆ ಉಳಿಯೋದು ಎರಡೇ: ಓಡಿಸುವವನ ಜಾಣತನ ಮತ್ತು ಗಾಲಿಯ ಹದ. ಟೈರಿನ ಗಾಳಿ ಒಂದು ಹಿಡಿ ಹೆಚ್ಚೋ ಕಡಿಮೆಯೋ, ಸ್ಪ್ರಿಂಗು ಬಿಗಿಯೋ ಸಡಿಲವೋ, ಮುಂದಿನ ಗಾಲಿಗಳು ಒಂದು ಕೂದಲೆಳೆ ಒಳಮುಖವೋ ಹೊರಮುಖವೋ, ಇಷ್ಟರಲ್ಲೇ ಸೋಲು ಗೆಲುವು. ಗಾಡಿ ತಿರುವಿನಲ್ಲಿ ಎರಡು ರೀತಿಯಲ್ಲಿ ಹಟ ಮಾಡುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಮೂತಿ ತಿರುಗದೆ ನೇರ ಹೊರಕ್ಕೆ ಹೋಗುವುದು ಒಂದು. ಮೂತಿ ಬೇಗ ತಿರುಗಿ ಬಾಲ ಹೊರಕ್ಕೆ ಬೀಸುವುದು ಇನ್ನೊಂದು. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯಲ್ಲಿ ಮಾರಿಸ್ ಆಲಿ ಎಂಬ ಎಂಜಿನಿಯರ್ ಈ ಎರಡು ಹಟಗಳನ್ನು ಶಾಸ್ತ್ರವಾಗಿ ಅಭ್ಯಾಸ ಮಾಡಿದ. ಕೊಯಮತ್ತೂರಿನ ಶೆಡ್ಡುಗಳಲ್ಲಿ ಅದನ್ನೇ ಸ್ಪ್ಯಾನರ್ ಹಿಡಿದು ಕಲಿತರು.

ಕರಿವರ್ಧನ್ 1995ರಲ್ಲಿ ಹಗುರ ವಿಮಾನದ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ನಲವತ್ತೊಂದು ವರ್ಷ. ಅವರು ಹಚ್ಚಿದ ದೀಪವನ್ನು ಬೇರೆಯವರು ಮುಂದಕ್ಕೆ ಒಯ್ದರು. ಓಟಗಾರರೂ ಆಗಿದ್ದ ಬಿ. ವಿಜಯಕುಮಾರ್ ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳಯಂನಲ್ಲಿ ಓಟದ ಹಾದಿ ಕಟ್ಟಿಸಿದರು. ಸುಮಾರು 2.1 ಕಿಲೋಮೀಟರ್ ಉದ್ದದ ಅದು 2003ರಲ್ಲಿ ಶುರುವಾಯಿತು. ಹೆಸರು ಕರಿ ಮೋಟಾರ್ ಸ್ಪೀಡ್‌ವೇ.

ಅದೇ ಊರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಜೋರ್ಡನ್ ತಂಡದ ಕಾರಿನಲ್ಲಿ ಫಾರ್ಮುಲಾ ಒನ್ ಓಡಿದ ಮೊದಲ ಭಾರತೀಯರಾದರು. ಆ ವರ್ಷ ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಓಟ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದ ಸಾಕ್ಷಿ. ಅಲ್ಲಿನ ಒಂದು ಓರೆ ತಿರುವಿನಲ್ಲಿ ಮಿಷೆಲಿನ್ ಕಂಪನಿಯ ಟೈರುಗಳು ತಡೆಯಲಿಲ್ಲ. ಅಭ್ಯಾಸದ ದಿನವೇ ಅಪಘಾತ ಆಯಿತು. ಓಟದ ದಿನ ಆ ಟೈರು ಹಾಕಿದ್ದ 14 ಕಾರುಗಳು ಒಂದು ಸುತ್ತು ಬಂದು ಹಿಂದೆ ಸರಿದವು. ಬ್ರಿಡ್ಜ್‌ಸ್ಟೋನ್ ಟೈರಿನ 6 ಕಾರುಗಳು ಮಾತ್ರ ಓಡಿದವು. ಕಾರ್ತಿಕೇಯನ್ ನಾಲ್ಕನೆಯವರಾಗಿ ಬಂದು ಐದು ಅಂಕ ಪಡೆದರು. ಲೋಕದ ಅತಿ ಬಲವಾದ ಎಂಜಿನ್ನುಗಳು ಅವತ್ತು ಶೆಡ್ಡಿನಲ್ಲೇ ಕೂತವು, ಗಾಲಿ ನೆಲಕ್ಕೆ ಒಗ್ಗಲಿಲ್ಲ ಅನ್ನೋ ಒಂದೇ ಕಾರಣಕ್ಕೆ.

ಒಂದು ಮೊಳದ ಬಗ್ಗಿ

ಈಗ ಮೂರನೆಯದಕ್ಕೆ ಬರೋಣ. ಕಾರು ಓಟ ಎಷ್ಟು ಅಗ್ಗ ಮಾಡಿದರೂ ಹಳ್ಳಿಯ ಹುಡುಗನ ಕೈಗೆ ಎಟಕುವುದಿಲ್ಲ. ರಿಮೋಟಿನ ಬಗ್ಗಿ ಅದಕ್ಕಿಂತ ಬಹಳ ಹತ್ತಿರ. ಇದು ಜಾತ್ರೆಯಲ್ಲಿ ಸಿಗುವ ಆಟಿಕೆ ಅಲ್ಲ. ನಿಜವಾದ ಗಾಡಿಯ ಹತ್ತನೇ ಒಂದು ಅಥವಾ ಎಂಟನೇ ಒಂದು ಅಳತೆಯಲ್ಲಿ ಮಾಡಿದ, ಸ್ಪ್ರಿಂಗು, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರು, ಡಿಫರೆನ್ಷಿಯಲ್ ಎಲ್ಲ ಇರುವ ಪುಟ್ಟ ಯಂತ್ರ. 1979ರಲ್ಲಿ ಜಪಾನಿನ ಟಮಿಯಾ ಕಂಪನಿ ಮರಳಿನ ಮೇಲೆ ಓಡುವ ಬಗ್ಗಿಗಳನ್ನು ಬಿಡಿಭಾಗಗಳ ಪೆಟ್ಟಿಗೆಯಾಗಿ ಮಾರಲು ಶುರು ಮಾಡಿತು. ಕೊಂಡವರು ತಾವೇ ಜೋಡಿಸಿಕೊಳ್ಳಬೇಕಿತ್ತು. 1984ರಲ್ಲಿ ಬಂದ ಅದರ ಮಿಡತೆ ಹೆಸರಿನ ಬಗ್ಗಿ ಲೋಕದ ತುಂಬ ಹುಡುಗರ ಕೈಗೆ ಹೋಯಿತು. 1985ರಲ್ಲಿ ಇದಕ್ಕೂ ವಿಶ್ವ ಪಂದ್ಯ ಏರ್ಪಟ್ಟಿತು. ಇಂಗ್ಲೆಂಡಿನ ಕ್ಲಬ್ಬುಗಳು ಹುಲ್ಲಿನ ಮೈದಾನದಲ್ಲೇ ಹಗ್ಗ, ಪೈಪು ಹಾಸಿ ಹಾದಿ ಗುರುತು ಮಾಡಿ ಓಡಿಸುತ್ತಿದ್ದವು. ನಮ್ಮ ದೇಶದಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಹಬ್ಬಗಳಲ್ಲಿ ಇಂಥ ಪಂದ್ಯಗಳು ಈಗ ರೂಢಿ.

ಹತ್ತನೇ ಒಂದು ಅಳತೆಯ ಬಗ್ಗಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಅದಕ್ಕೆ ನಾಲ್ಕು ಬೆರಳು ಎತ್ತರದ ಹುಲ್ಲು ಅಂದರೆ ನಮಗೆ ಮೊಣಕಾಲುದ್ದದ ರಾಗಿ ಹೊಲ ಇದ್ದಂತೆ. ಸಿಮೆಂಟು ನೆಲದ ಮೇಲೆ ಬಾಣದಂತೆ ಹೋದ ಬಗ್ಗಿ ಹುಲ್ಲಿಗೆ ಬಂದ ಕೂಡಲೇ ಮುಗ್ಗರಿಸುತ್ತದೆ. ಆಗ ಹುಡುಗರು ಮೊದಲು ಮಾಡೋದು ಇನ್ನೂ ದೊಡ್ಡ ಮೋಟಾರು ಹುಡುಕೋದು. ಅದು ದಾರಿಯಲ್ಲ. ಹುಲ್ಲಿಗೆ ಮಾಡಬೇಕಾದ ಹದ ಹೀಗಿದೆ.

ಮೊದಲನೆಯದು ಎತ್ತರ. ಬಗ್ಗಿಯ ಹೊಟ್ಟೆ ಹುಲ್ಲಿಗೆ ಉಜ್ಜಿದರೆ ಅರ್ಧ ಶಕ್ತಿ ಅಲ್ಲೇ ಹೋಗುತ್ತದೆ. ಹಾಗಾಗಿ ಗಟ್ಟಿ ನೆಲದಲ್ಲಿ ಇರುವುದಕ್ಕಿಂತ ಕೆಲವು ಮಿಲಿಮೀಟರ್ ಮೇಲೆತ್ತಬೇಕು. ತೀರ ಎತ್ತಿದರೆ ತಿರುವಿನಲ್ಲಿ ಮಗುಚುತ್ತದೆ. ಹೊರೆ ಜಾಸ್ತಿ ಮೇಲೆ ಕಟ್ಟಿದ ಹುಲ್ಲಿನ ಬಂಡಿ ಏನಾಗುತ್ತದೆ ಅನ್ನೋದು ನಮಗೆ ಗೊತ್ತಿರುವುದೇ.

ಎರಡನೆಯದು ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರಿನ ಎಣ್ಣೆ. ಮೈದಾನ ನೋಡಲು ಸಮ, ಒಳಗೆಲ್ಲ ಗೊರಸಿನ ಗುಂಡಿ. ಬಿಗಿ ಸ್ಪ್ರಿಂಗಿನ ಬಗ್ಗಿ ಕುಣಿಯುತ್ತದೆ, ಕುಣಿದಾಗ ಗಾಲಿ ಗಾಳಿಯಲ್ಲಿರುತ್ತದೆ. ಗಾಳಿಯಲ್ಲಿರುವ ಗಾಲಿಗೆ ಹಿಡಿತ ಎಲ್ಲಿಂದ ಬರಬೇಕು? ಮೆತ್ತನೆಯ ಸ್ಪ್ರಿಂಗು, ಸ್ವಲ್ಪ ತೆಳು ಎಣ್ಣೆ ಹಾಕಿದರೆ ಗಾಲಿ ತಗ್ಗಿಗೆ ಇಳಿದು ದಿಣ್ಣೆಗೆ ಹತ್ತಿ ನೆಲವನ್ನು ಬಿಡದೆ ಹೋಗುತ್ತದೆ. ಎಡಬಲ ಗಾಲಿಗಳನ್ನು ಕಟ್ಟಿಹಾಕುವ ಅಡ್ಡ ಕಂಬಿ ಇದ್ದರೆ ಉಬ್ಬುತಗ್ಗಿನ ಹುಲ್ಲಿನಲ್ಲಿ ಅದನ್ನು ತೆಗೆಯುವುದೇ ಒಳ್ಳೆಯದು.

ಮೂರನೆಯದು ಟೈರು. ಬೆಳಗಿನ ಇಬ್ಬನಿಯ ಹುಲ್ಲಿಗೆ ಉದ್ದ ಮುಳ್ಳಿನ ಟೈರು ಬೇಕು. ಅದು ಹುಲ್ಲನ್ನು ಸೀಳಿ ಬೇರಿನ ಮಣ್ಣು ಹಿಡಿಯುತ್ತದೆ. ಮಧ್ಯಾಹ್ನ ಒಣಗಿ ಗಟ್ಟಿಯಾದ ಮೋಟು ಹುಲ್ಲಿಗೆ ಗಿಡ್ಡ ಮುಳ್ಳು ಸಾಕು. ಅಲ್ಲಿ ಉದ್ದ ಮುಳ್ಳು ಬಾಗಿ ಬಗ್ಗಿ ತೇಲಾಡುತ್ತದೆ. ಒಂದೇ ಮೈದಾನ ದಿನಕ್ಕೆ ಎರಡು ಮೈದಾನ ಆಗುತ್ತದೆ ಅನ್ನೋದನ್ನು ಮರೆಯಬಾರದು.

ನಾಲ್ಕನೆಯದು ಗೇರು. ಹುಲ್ಲು ಮೋಟಾರಿಗೆ ಏರುದಾರಿ ಇದ್ದಂತೆ. ಮೋಟಾರಿನ ಕಡೆಯ ಹಲ್ಲುಗಾಲಿಯಲ್ಲಿ ಒಂದೆರಡು ಹಲ್ಲು ಕಡಿಮೆ ಮಾಡಿದರೆ ತುದಿಯ ವೇಗ ತಗ್ಗುತ್ತದೆ, ಎಳೆಯುವ ಬಲ ಹೆಚ್ಚುತ್ತದೆ, ಮೋಟಾರು ಕಾದು ಸುಡುವುದು ತಪ್ಪುತ್ತದೆ. ಕೆಲವು ಸುತ್ತಿಗೊಮ್ಮೆ ನಿಲ್ಲಿಸಿ ಮೋಟಾರಿನ ಬಿಸಿ ನೋಡಬೇಕು, ಅಚ್ಚಿಗೆ ಸುತ್ತಿಕೊಂಡ ಹುಲ್ಲು ಬಿಡಿಸಬೇಕು.

ಐದನೆಯದು ಭಾರ. ಮೂತಿ ಹೊರಕ್ಕೆ ಹೋದರೆ ಭಾರವನ್ನು ತುಸು ಮುಂದಕ್ಕೆ, ಬಾಲ ಬೀಸಿದರೆ ತುಸು ಹಿಂದಕ್ಕೆ ಸರಿಸಿ ನೋಡಬೇಕು. ಅದಕ್ಕೆ ಬ್ಯಾಟರಿಯ ಜಾಗ ಬದಲಿಸಿದರೆ ಸಾಕು. ಮುಂಭಾರ ಹಿಂಭಾರದ ಹಳೆಯ ಲೆಕ್ಕವೇ ಇದು. ಕಾಂಗೇಯಂ ಬಡಗಿಗೆ ಇದನ್ನು ತೋರಿಸಿದರೆ, ಇದರಲ್ಲಿ ಹೊಸತೇನಿದೆ ಅಂದಾನು.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಒಂದಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಸ್ಪ್ರಿಂಗೂ ಟೈರೂ ಒಟ್ಟಿಗೆ ಬದಲಿಸಿದರೆ, ಗಾಡಿ ಸುಧಾರಿಸಿದ್ದು ಯಾವುದರಿಂದ ಅಂತ ದೇವರಿಗೇ ಗೊತ್ತು. ಒಂದು ಬದಲಾವಣೆ, ಮೂರು ಸುತ್ತು, ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಈ ಬಗ್ಗಿಗಳ ಲಿಥಿಯಂ ಬ್ಯಾಟರಿ ಜಜ್ಜಿದರೆ, ತೂತಾದರೆ ಬೆಂಕಿ ಹಿಡಿಯುತ್ತದೆ. ದೊಡ್ಡವರು ಎದುರಿಗಿಲ್ಲದೆ ಚಾರ್ಜಿಗೆ ಹಾಕಬಾರದು, ರಾತ್ರಿಯೆಲ್ಲ ಬಿಡಲೇಬಾರದು.

ಈ ವಿದ್ಯೆ ಯಾರಿಗೆ ಉಳಿಯಬೇಕು

ಇಷ್ಟೆಲ್ಲ ಹೇಳಿದ್ದು ಆಟದ ಸಾಮಾನು ಕೊಳ್ಳಿ ಅನ್ನೋದಕ್ಕಲ್ಲ. ನಮ್ಮ ಊರುಗಳಲ್ಲಿ ಈಗ ಏನಾಗಿದೆ ನೋಡಿ. ಅಚ್ಚು ಕೂರಿಸುವ, ಹಳಿ ಕಾಯಿಸಿ ಹಾಕುವ ಬಡಗಿ ಕಮ್ಮಾರರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅವರ ಕೈಯಲ್ಲಿದ್ದ ಲೆಕ್ಕ ಅವರ ಜೊತೆಗೇ ಮಣ್ಣಾಗುತ್ತಿದೆ. ಇನ್ನೊಂದು ಕಡೆ ಹುಡುಗರ ಕೈಗೆ ಬಲವಾದ ಬೈಕುಗಳು ಬಂದಿವೆ. ಸೈಲೆನ್ಸರ್ ಬದಲಿಸಲು ದುಡ್ಡು ಇರುತ್ತದೆ, ಬೋಳಾದ ಟೈರು ಬದಲಿಸಲು ಇರುವುದಿಲ್ಲ. ತಿರುವಿನಲ್ಲಿ ಬಿದ್ದ ಹುಡುಗನ ಮನೆಯವರಿಗೆ ಆ ಬೈಕಿನ ತುದಿಯ ವೇಗ ಎಷ್ಟಿದ್ದರೇನು? ವೇಗ ಅಂದರೆ ಎಂಜಿನ್ ಎಂಬ ಒಂದೇ ಪಾಠ ಕಲಿತ ತಲೆಮಾರಿಗೆ ಇನ್ನರ್ಧ ಪಾಠವನ್ನು ಯಾರಾದರೂ ಹೇಳಬೇಕು.

ಚೆಟ್ಟಿಪಾಳಯಂನ ಅದೇ ಕರಿ ಸ್ಪೀಡ್‌ವೇಯಲ್ಲಿ ಫಾರ್ಮುಲಾ ಭಾರತ್ ಎಂಬ ಕಾಲೇಜು ಪಂದ್ಯ ನಡೆಯುತ್ತದೆ. ದೇಶದ ಹಲವು ಕಡೆಯ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರು ತರುತ್ತಾರೆ. ಅಲ್ಲಿ ಓಡಿದರೆ ಮಾತ್ರ ಅಂಕ ಬರುವುದಿಲ್ಲ. ಹೀಗೇಕೆ ಕಟ್ಟಿದಿರಿ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ಆ ಮಕ್ಕಳಲ್ಲಿ ನಮ್ಮಂಥ ಹಳ್ಳಿಗಳಿಂದ ಹೋದವರು ಹೆಚ್ಚಬೇಕಾದರೆ ಕೆಲಸ ಇಲ್ಲೇ, ನಮ್ಮ ಶಾಲೆಯಲ್ಲೇ ಶುರುವಾಗಬೇಕು.

ಅದಕ್ಕೆ ದೊಡ್ಡ ಖರ್ಚೂ ಬೇಡ. ಮೇಷ್ಟ್ರುಗಳಿಗೆ ಒಂದು ಸಣ್ಣ ಸಲಹೆ. ನಾಲ್ಕು ಗಾಲಿಯ ಯಾವುದಾದರೂ ಆಟದ ಗಾಡಿ, ಒಂದು ಸ್ಪ್ರಿಂಗ್ ತಕ್ಕಡಿ, ಒಂದು ಕಿಲೋ ಮರಳಿನ ಚೀಲ ತನ್ನಿ. ಗಾಡಿಯನ್ನು ಮೊದಲು ಸಿಮೆಂಟಿನ ಮೇಲೆ, ಆಮೇಲೆ ಗೋಣಿತಾಟಿನ ಮೇಲೆ, ಆಮೇಲೆ ಶಾಲೆಯ ಹುಲ್ಲಿನ ಮೇಲೆ ಎಳೆಸಿ. ತಕ್ಕಡಿ ತೋರಿಸಿದ್ದನ್ನು ಮಕ್ಕಳೇ ಬರೆದುಕೊಳ್ಳಲಿ. ಮರಳಿನ ಚೀಲವನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ಇಟ್ಟು ಮತ್ತೆ ಎಳೆಯಲಿ. ಘರ್ಷಣೆಯ ಪಾಠವನ್ನು ಬೋರ್ಡಿನ ಮೇಲೆ ಹತ್ತು ಸಲ ಬರೆದರೂ ಆಗದ ಕೆಲಸ ಅರ್ಧ ಗಂಟೆಯಲ್ಲಿ ಆಗುತ್ತದೆ. ಊರಿನಲ್ಲಿ ಬಂಡಿ ಕಟ್ಟಿದ ಹಿರಿಯರು ಇನ್ನೂ ಇದ್ದರೆ ಅವತ್ತು ಅವರನ್ನೂ ಕರೆದು ಒಂದು ಕುರ್ಚಿ ಹಾಕಿ. ಮುಂಭಾರ ಅಂದರೇನು, ಅಚ್ಚಿನ ಸಡಿಲ ಎಷ್ಟಿರಬೇಕು, ಯಾವ ನೆಲಕ್ಕೆ ಯಾವ ಹಳಿ ಅಂತ ಅವರು ಹೇಳಿದ್ದನ್ನು ಮಕ್ಕಳು ಬರೆದು ತಂದರೆ, ಆ ಹಾಳೆಗಳನ್ನು ಕಾಯ್ದಿಡಲು ನಮ್ಮ ವಾಚನಾಲಯದ ಬೀರುವಿನಲ್ಲಿ ಜಾಗ ಇದೆ.